ರೋಗಿಯ ಸುರಕ್ಷತೆ ಮತ್ತು ಅದಕ್ಕೆ ಹೆಗಲು ಕೊಟ್ಟವರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹದಿನಾಲ್ಕು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನರ್ಸಿಂಗ್ ಕಾಲೇಜುಗಳಿಗೆ ಪಾಠಕ್ಕೆ ಹೋದಾಗ, ಬರುವ ಪತ್ರಗಳಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಕೂಡ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಎಲ್ಲರಿಗೂ, ಕೊನೆಯವು ಆಸ್ಪತ್ರೆ ಒಳಗೆ ಕೆಲಸ ಮಾಡುವವರಿಗೆ. ನಿಮಗೆ ಬೇಕಾದ ಕಡೆಗೆ ನೇರ ಹೋಗಿ.

## ಶುರುವಿನ ಪ್ರಶ್ನೆಗಳು

ರೋಗಿಯ ಸುರಕ್ಷತೆ ಅಂದ್ರೆ ಏನು? ಗೇಟಲ್ಲಿ ಸೆಕ್ಯುರಿಟಿ ಇಡೋದಾ?

ನಗಬೇಡಿ, ಈ ಪ್ರಶ್ನೆ ನಿಜವಾಗಿ ಬಂದಿದೆ. ಅದೂ ಒಬ್ಬ ಟ್ರಸ್ಟಿಯಿಂದ.

ರೋಗಿ ಬರುವುದು ಒಂದು ಕಾಯಿಲೆಗೆ. ಆ ಕಾಯಿಲೆಯಿಂದಲ್ಲ, ನಾವು ಕೊಟ್ಟ ಚಿಕಿತ್ಸೆಯಿಂದಲೇ ಅವರಿಗೆ ಕೆಡುಕಾಗದಂತೆ ನೋಡಿಕೊಳ್ಳುವುದೇ ರೋಗಿಯ ಸುರಕ್ಷತೆ. ತಪ್ಪು ಮಾತ್ರೆ, ಬಲಗಾಲಿನ ಬದಲು ಎಡಗಾಲಿಗೆ ಆಪರೇಷನ್, ಹೊಂದದ ರಕ್ತ, ಮೈಯೊಳಗೆ ಹಾಕುವ ನಳಿಕೆಯಿಂದ (ಕ್ಯಾತಿಟರ್) ಬಂದ ಸೋಂಕು, ಮಂಚದಿಂದ ಬಿದ್ದು ಮುರಿದ ಸೊಂಟ, ತಡವಾಗಿ ಗೊತ್ತಾದ ಕ್ಯಾನ್ಸರ್ ಎಲ್ಲವೂ ಇದರಲ್ಲಿ ಬರುತ್ತವೆ.

ಗುಣಮಟ್ಟ ಬೇರೆ, ಸುರಕ್ಷತೆ ಬೇರೆನಾ?

ಗುಣಮಟ್ಟ ಇಡೀ ಮನೆ ಅಂದುಕೊಂಡರೆ ಸುರಕ್ಷತೆ ಅದರ ತಳಪಾಯ. ಚಿಕಿತ್ಸೆ ಸಮಯಕ್ಕೆ ಸಿಗಬೇಕು, ಕೆಲಸ ಮಾಡಬೇಕು, ಬಡವರಿಗೂ ಎಟುಕಬೇಕು, ಮಾತಾಡಿಸುವಾಗ ಮರ್ಯಾದೆ ಇರಬೇಕು. ಇದೆಲ್ಲ ಗುಣಮಟ್ಟ. ಇಷ್ಟೆಲ್ಲ ಇದ್ದೂ ಇಂಜೆಕ್ಷನ್ ತಪ್ಪಾದರೆ ಉಳಿದದ್ದು ತೆಗೆದುಕೊಂಡು ಏನು ಮಾಡುವುದು?

ತಪ್ಪು ನಿಜವಾಗ್ಲೂ ಅಷ್ಟೊಂದು ಆಗುತ್ತಾ? ಸುಮ್ನೆ ಹೆದರಿಸ್ತಿದೀರಾ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚಿಕಿತ್ಸೆ ಪಡೆಯುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಏನಾದರೂ ಕೆಡುಕಾಗುತ್ತದೆ. ಅದರಲ್ಲಿ ಅರ್ಧದಷ್ಟನ್ನು ತಡೆಯಬಹುದಿತ್ತು. ಜಗತ್ತಿನಲ್ಲಿ ವರ್ಷಕ್ಕೆ 30 ಲಕ್ಷಕ್ಕೂ ಜಾಸ್ತಿ ಸಾವು ಈ ಲೆಕ್ಕಕ್ಕೆ ಬರುತ್ತವೆ. ಅಮೆರಿಕದಲ್ಲಿ 1999ರಲ್ಲಿ ಬಂದ ಒಂದು ವರದಿ, ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ತಪ್ಪುಗಳಿಂದ ಸಾಯುತ್ತಾರೆ ಎಂದಾಗ ದೇಶವೇ ಬೆಚ್ಚಿತು. ಆ ಸಂಖ್ಯೆ ಎರಡು ಅಧ್ಯಯನಗಳನ್ನು ಇಡೀ ದೇಶಕ್ಕೆ ಹಿಗ್ಗಿಸಿ ತೆಗೆದದ್ದು. ಹಾಗಾಗಿ ಅದರ ಮೇಲೆ ಬೇಕಾದಷ್ಟು ವಾದ ನಡೆದಿದೆ. ಸಂಖ್ಯೆ ಹೆಚ್ಚುಕಡಿಮೆ ಇರಬಹುದು, ವಿಷಯ ಸುಳ್ಳಲ್ಲ. ಯಾವುದೇ ಹಳೇ ನರ್ಸನ್ನು ಪಕ್ಕಕ್ಕೆ ಕರೆದು ಕೇಳಿ, ಮೆಲ್ಲಗೆ ಎರಡು ಕತೆ ಹೇಳುತ್ತಾರೆ.

ತಪ್ಪು ಮಾಡಿದ ನರ್ಸನ್ನ ಕೆಲಸದಿಂದ ತೆಗೆದ್ರೆ ಮುಗೀತಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರದ ಬದಲು ನನ್ನದೇ ಕತೆ ಹೇಳುತ್ತೇನೆ.

ರಾತ್ರಿ ಎರಡು ಗಂಟೆ. ಮೂವತ್ತೆರಡು ರೋಗಿಗಳಿಗೆ ಇಬ್ಬರು ನರ್ಸ್, ಅದರಲ್ಲೊಬ್ಬಳು ವಿದ್ಯಾರ್ಥಿನಿ. ಆಂಟಿಬಯಾಟಿಕ್ ಪುಡಿ ಕಲಸಲು ಟ್ರೇಗೆ ಕೈ ಹಾಕಿ ನೀರಿನ ಆಂಪ್ಯೂಲ್ ತೆಗೆದೆ, ಕತ್ತು ಮುರಿದೆ, ಸಿರಿಂಜ್‌ಗೆ ಎಳೆದೆ. ಟಾರ್ಚ್ ಹಿಡಿದು ನಿಂತಿದ್ದ ಹುಡುಗಿ ಸಣ್ಣ ದನಿಯಲ್ಲಿ, "ಸಿಸ್ಟರ್, ಅದು ನೀರಲ್ಲ ಅನ್ಸುತ್ತೆ" ಅಂದಳು. ನೋಡಿದರೆ ಪೊಟ್ಯಾಸಿಯಂ ಕ್ಲೋರೈಡ್. ಅದೂ ಹತ್ತು ಎಂಎಲ್, ಇದೂ ಹತ್ತು ಎಂಎಲ್. ಎರಡೂ ಬಣ್ಣವಿಲ್ಲದ ನೀರಿನ ಹಾಗೆ. ಎರಡೂ ಒಂದೇ ಟ್ರೇಯಲ್ಲಿ. ಪೊಟ್ಯಾಸಿಯಂ ಕ್ಲೋರೈಡನ್ನು ತೆಳು ಮಾಡದೆ ನೇರ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ನನ್ನ ಕೈ ನಡುಗಲು ಶುರುವಾದದ್ದು ಬೆಳಗಿನ ಜಾವ ನಿಲ್ಲಲಿಲ್ಲ.

ಬೆಳಿಗ್ಗೆ ನಾನೇ ಹೋಗಿ ಹೇಳಿದೆ. ನನಗೆ ಮೆಮೋ ಸಿಕ್ಕಿತು. ಟ್ರೇ ಹಾಗೇ ಇತ್ತು. ನಾಲ್ಕು ತಿಂಗಳಿಗೆ ಇನ್ನೊಬ್ಬರ ಕೈಗೆ ಅದೇ ಆಂಪ್ಯೂಲ್ ಬಂತು. ಅದೂ ದೇವರ ದಯೆಯಿಂದ ತಪ್ಪಿತು, ಆದರೆ ಆಕೆ ಯಾರಿಗೂ ಹೇಳಲಿಲ್ಲ. ನನ್ನ ಮೆಮೋ ನೋಡಿದ್ದಳಲ್ಲ! ವರ್ಷದ ನಂತರ ಬಂದ ಹೊಸ ಸೂಪರಿಂಟೆಂಡೆಂಟ್ ಮಾಡಿದ್ದು ಒಂದೇ ಕೆಲಸ. ಪೊಟ್ಯಾಸಿಯಂ ಕ್ಲೋರೈಡನ್ನು ಸಾಮಾನ್ಯ ವಾರ್ಡುಗಳಿಂದ ಪೂರ್ತಿ ತೆಗೆಸಿ, ಐಸಿಯು ಮತ್ತು ಫಾರ್ಮಸಿಯಲ್ಲಿ ಬೀಗದೊಳಗೆ ಇಡಿಸಿದರು. ಖರ್ಚು ಒಂದು ಬೀಗದ್ದು.

ಜೇಮ್ಸ್ ರೀಸನ್ ಎಂಬ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಇದನ್ನು ತೂತಿರುವ ಚೀಸ್ ಹೋಳುಗಳನ್ನಿಟ್ಟು ವಿವರಿಸಿದ. ನಮಗೆ ಚೀಸ್ ಯಾಕೆ, ಎಲ್ಲರ ಮನೆ ದೋಸೆಯೂ ತೂತೇ ಅಲ್ವಾ? ಹತ್ತು ದೋಸೆ ಒಂದರ ಮೇಲೊಂದು ಇಟ್ಟರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದ ದಿನ ಅನಾಹುತ. ಕಡಿಮೆ ಜನ, ಮಂದ ಬೆಳಕು, ಒಂದೇ ಥರದ ಆಂಪ್ಯೂಲ್, ಒಂದೇ ಟ್ರೇ. ಕೊನೆಯ ದೋಸೆ ನಾನು. ನನ್ನನ್ನು ತೆಗೆದುಹಾಕಿದರೆ ಮೇಲಿನ ತೂತುಗಳು ಅಲ್ಲೇ ಇರುತ್ತವೆ.

ಇದನ್ನೆಲ್ಲ ಮೊದಲು ಹೇಳಿದ್ದು ಯಾರು?

ಹಿಂದಕ್ಕೆ ಹೋದರೆ ವಿಯೆನ್ನಾದ ಹೆರಿಗೆ ವೈದ್ಯ ಸೆಮ್ಮೆಲ್‌ವೈಸ್ ಸಿಗುತ್ತಾರೆ. 1847ರಲ್ಲಿ ಅವರ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಸೂಲಗಿತ್ತಿಯರು ಕಲಿಯುವ ವಾರ್ಡಿಗಿಂತ ವೈದ್ಯ ವಿದ್ಯಾರ್ಥಿಗಳ ವಾರ್ಡಿನಲ್ಲಿ ಬಾಣಂತಿಯರು ಜಾಸ್ತಿ ಸಾಯುತ್ತಿದ್ದರು. ವಿದ್ಯಾರ್ಥಿಗಳು ಹೆಣ ಕುಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. ಸುಣ್ಣ ಮತ್ತು ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಧಡಕ್ಕನೆ ಇಳಿಯಿತು. ಆದರೂ ಸುತ್ತಲಿನ ದೊಡ್ಡ ವೈದ್ಯರು ಒಪ್ಪಲಿಲ್ಲ. ಸೆಮ್ಮೆಲ್‌ವೈಸ್ ಕೂಡ ಸಿಟ್ಟಿನಿಂದ ಎದುರಾಳಿಗಳನ್ನು ಕೊಲೆಗಡುಕರು ಎಂದು ಬಹಿರಂಗ ಪತ್ರ ಬರೆದರು. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು. ಮಾತು ಸರಿ ಇತ್ತು, ಜನರನ್ನು ಜೊತೆಗೆ ಕರೆದುಕೊಂಡು ಹೋಗಲು ಆಗಲಿಲ್ಲ.

ಅದೇ ಕಾಲದ ಫ್ಲಾರೆನ್ಸ್ ನೈಟಿಂಗೇಲ್ ಇದರಲ್ಲಿ ಜಾಣೆ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗಗಳಿಂದ ಸಾಯುತ್ತಿದ್ದದ್ದನ್ನು ಬಣ್ಣದ ಚಿತ್ರಪಟ ಮಾಡಿ, ಅಧಿಕಾರಿಗಳ ಕಣ್ಣಿಗೆ ರಾಚುವಂತೆ ಇಟ್ಟರು. ದೀಪ ಹಿಡಿದ ಚಿತ್ರವನ್ನೇ ನಾವು ಗೋಡೆಗೆ ಹಾಕುತ್ತೇವೆ. ಲೆಕ್ಕದ ಪುಸ್ತಕ ಹಿಡಿದ ಚಿತ್ರ ಹಾಕಬೇಕಿತ್ತು.

ಈಗಿನ ರೂಪದ ಚಳವಳಿ ಶುರುವಾದದ್ದು 1990ರ ದಶಕದಲ್ಲಿ. ಅಮೆರಿಕದ ಮಕ್ಕಳ ಸರ್ಜನ್ ಲೂಸಿಯನ್ ಲೀಪ್ 1994ರಲ್ಲಿ ಬರೆದ ಒಂದು ಲೇಖನ, ವೈದ್ಯರ ತಪ್ಪಿಗೆ ವ್ಯವಸ್ಥೆಯಲ್ಲಿ ಕಾರಣ ಹುಡುಕಿ ಎಂದಿತು. ಮಕ್ಕಳ ವೈದ್ಯ ಡಾನ್ ಬರ್ವಿಕ್ ಅದನ್ನು ಸಾವಿರಾರು ಆಸ್ಪತ್ರೆಗಳಿಗೆ ಒಯ್ದರು. ಇಂಗ್ಲೆಂಡಿನಲ್ಲಿ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಲಿಯಾಮ್ ಡೊನಾಲ್ಡ್‌ಸನ್ ಸರ್ಕಾರದ ಒಳಗಿಂದ ಅದೇ ಕೆಲಸ ಮಾಡಿ, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯವರೆಗೂ ತಂದರು. 2019ರಿಂದ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ.

## ಮುಂದಾಳುಗಳ ಬಗ್ಗೆ

ಐದು ಸಾಲಿನ ಚೀಟಿಯಿಂದ ಜೀವ ಉಳೀತು ಅಂತೀರಲ್ಲ, ನಂಬೋ ಮಾತಾ?

ಪೀಟರ್ ಪ್ರೊನೊವೊಸ್ಟ್ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಐಸಿಯು ವೈದ್ಯರಾಗಿದ್ದರು. ಕತ್ತಿನ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್‌ನಿಂದ ಬರುವ ಸೋಂಕು ಅವರ ತಲೆನೋವು. ಅವರು ಬರೆದದ್ದು ಐದೇ ಸಾಲು. ಕೈ ತೊಳಿ. ಚರ್ಮವನ್ನು ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡೀನ್‌ನಿಂದ ಒರೆಸು. ರೋಗಿಯ ಮೈಮೇಲೆ ಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸು, ನೀನೂ ಮಾಸ್ಕ್, ಟೋಪಿ, ಗೌನ್ ಹಾಕು. ಆದಷ್ಟು ತೊಡೆಸಂದಿನಲ್ಲಿ ಲೈನ್ ಬೇಡ. ಬೇಡವಾದ ದಿನವೇ ತೆಗಿ.

ಇದರಲ್ಲಿ ಹೊಸದೇನೂ ಇಲ್ಲ, ಎಲ್ಲ ವೈದ್ಯರಿಗೂ ಗೊತ್ತು. ಆದರೆ ನರ್ಸುಗಳು ಒಂದು ತಿಂಗಳು ಗಮನಿಸಿ ಬರೆದಿಟ್ಟಾಗ, ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ರೋಗಿಗಳಲ್ಲಿ ಒಂದಾದರೂ ಹೆಜ್ಜೆ ತಪ್ಪಿತ್ತು. ಅಸಲಿ ಬದಲಾವಣೆ ಆಮೇಲೆ ಬಂತು. ವೈದ್ಯರು ಒಂದು ಹೆಜ್ಜೆ ಬಿಟ್ಟರೆ ನರ್ಸ್ ಅಲ್ಲೇ ನಿಲ್ಲಿಸಬಹುದು, ಮೇಲಿನವರು ನರ್ಸಿನ ಬೆನ್ನಿಗೆ ನಿಲ್ಲುತ್ತಾರೆ ಎಂದು ಆಡಳಿತ ಹೇಳಿತು.

ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳು ಇದನ್ನು ಹಿಡಿದವು. 2006ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. 1000 ಕ್ಯಾತಿಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಅದು ಒಂದು ಕ್ಯಾತಿಟರ್ ದಿನ) ಸರಾಸರಿ 7.7 ಇದ್ದ ಸೋಂಕು 18 ತಿಂಗಳಿಗೆ 1.4ಕ್ಕೆ ಇಳಿದಿತ್ತು. ನನಗೆ ಇಷ್ಟವಾದ ತುಣುಕು ಇನ್ನೊಂದಿದೆ. ಪ್ರತಿ ಐಸಿಯುಗೂ ಒಬ್ಬ ದೊಡ್ಡ ಆಡಳಿತಾಧಿಕಾರಿಯನ್ನು ಗಂಟು ಹಾಕಿದ್ದರು, ತಿಂಗಳಿಗೊಮ್ಮೆ ಅವರು ಅಲ್ಲಿಗೆ ಬರಲೇಬೇಕು. ಬಂದು ನೋಡಿದರೆ ಮೂರನೇ ಒಂದು ಭಾಗದಷ್ಟು ಐಸಿಯುಗಳಲ್ಲೂ ಕ್ಲೋರ್‌ಹೆಕ್ಸಿಡೀನ್ ಇರಲಿಲ್ಲ! ಚೀಟಿಯಲ್ಲಿ ಬರೆದಿದೆ, ಕಪಾಟಿನಲ್ಲಿ ಇಲ್ಲ. ಅದನ್ನು ತರಿಸಲು ಬೇಕಾದದ್ದು ಆ ಅಧಿಕಾರಿಯ ಸಹಿ.

ನಮ್ಮಲ್ಲೂ ಚೆಕ್‌ಲಿಸ್ಟ್ ಇದೆ, ಏನೂ ಬದಲಾಗಿಲ್ಲ. ಯಾಕೆ?

ಚೆಕ್‌ಲಿಸ್ಟನ್ನು ಯಾರು, ಯಾವಾಗ ತುಂಬುತ್ತಾರೆ ಅಂತ ಮೊದಲು ನೋಡಿ. ಆಪರೇಷನ್ ಮುಗಿದ ಮೇಲೆ ಚಹಾ ಕುಡಿಯುತ್ತಾ ಹತ್ತು ಹಾಳೆಗೆ ಒಟ್ಟಿಗೆ ಟಿಕ್ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಪೆನ್ನಿಗೆ ಯಾವ ಜೀವವೂ ಉಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಗಾಗಿ ಸರ್ಜನ್ ಅತುಲ್ ಗವಾಂಡೆ ಅವರ ತಂಡ 19 ಅಂಶಗಳ ಶಸ್ತ್ರಚಿಕಿತ್ಸೆ ಚೆಕ್‌ಲಿಸ್ಟ್ ಮಾಡಿತು. ನವದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷೆ ಆಯಿತು. ಸಾವು 1.5 ಶೇಕಡದಿಂದ 0.8ಕ್ಕೆ ಇಳಿಯಿತು. 2009ರಲ್ಲಿ ಇದು ಪ್ರಕಟವಾದಾಗ ಜಗತ್ತೆಲ್ಲ ಚಪ್ಪಾಳೆ. ಕೆನಡಾದ ಒಂಟಾರಿಯೋ ಪ್ರಾಂತ್ಯ ಇದನ್ನು ತನ್ನ ಆಸ್ಪತ್ರೆಗಳಿಗೆಲ್ಲ ತಂದಿತು. ಅಲ್ಲಿನ 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂತು. ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಹಾಳೆ ಅದೇ, ಅದರ ಹಿಂದಿನ ಕೆಲಸ ಅದೇ ಇರಲಿಲ್ಲ ಅಂತ ಹಲವರು ಹೇಳಿದರು. ನಾನೂ ಆ ಗುಂಪಿನವಳೇ.

ಇದರ ಇನ್ನೊಂದು ಮುಖ ನಮ್ಮ ರಾಜ್ಯದಲ್ಲೇ ಇದೆ. ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟನ್ನು 2010ರಲ್ಲಿ ಮೊದಲು ಪರೀಕ್ಷಿಸಿದ್ದು ಕರ್ನಾಟಕದ ಒಂದು ತಾಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ. ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು. ಆಮೇಲೆ 25 ಆದವು. ಖುಷಿಯಲ್ಲಿ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಿ-ಮಕ್ಕಳು ಅದರಲ್ಲಿದ್ದರು. ಅರ್ಧ ಕೇಂದ್ರಗಳಿಗೆ ಎಂಟು ತಿಂಗಳು ತರಬೇತುದಾರರು ಹೋಗಿ ಹೇಳಿಕೊಟ್ಟರು. ಕೆಲಸ ಚೆನ್ನಾಗಾಯಿತು, ಶೇಕಡ 73 ಹೆಜ್ಜೆಗಳು ಸರಿಯಾಗಿ ನಡೆದವು. ತರಬೇತಿ ಇಲ್ಲದ ಕಡೆ ಇದು 42. ಆದರೆ ತಾಯಿ-ಮಕ್ಕಳ ಸಾವಿನಲ್ಲಿ ವ್ಯತ್ಯಾಸವೇ ಬರಲಿಲ್ಲ. ತರಬೇತುದಾರರು ಹೋದ ಮೇಲೆ ಆ 73ರಲ್ಲೂ ಇಳಿಮುಖ. 2017ರಲ್ಲಿ ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರಲ್ಲ, ಅದಕ್ಕೆ ನನ್ನ ನಮಸ್ಕಾರ. ರಕ್ತ, ಆಪರೇಷನ್ ವ್ಯವಸ್ಥೆ, ಕಷ್ಟದ ಹೆರಿಗೆಯನ್ನು ಬೇಗ ದೊಡ್ಡ ಆಸ್ಪತ್ರೆಗೆ ಸಾಗಿಸುವ ದಾರಿ ಇವನ್ನೆಲ್ಲ ಹಾಳೆ ತಂದುಕೊಡುವುದಿಲ್ಲ.

ಲೀಡರ್ ಅಂದ್ರೆ ಎಂಡಿ, ಸೂಪರಿಂಟೆಂಡೆಂಟ್ ಇಂಥವರೇ ಅಲ್ವಾ?

ಕುರ್ಚಿ ಇರುವವರು ಬೇಕೇ ಬೇಕು, ದುಡ್ಡಿನ ಸಹಿ ಅವರದ್ದು. ಆದರೆ ಈ ಕ್ಷೇತ್ರವನ್ನು ನಿಜವಾಗಿ ಅಲ್ಲಾಡಿಸಿದವರಲ್ಲಿ ಇಬ್ಬರಿಗೆ ಆಸ್ಪತ್ರೆಯಲ್ಲಿ ಕುರ್ಚಿಯೇ ಇರಲಿಲ್ಲ.

ಸೊರೆಲ್ ಕಿಂಗ್ ಒಬ್ಬ ತಾಯಿ. ಅವರ ಹದಿನೆಂಟು ತಿಂಗಳ ಮಗಳು ಜೋಸಿ ಬಿಸಿನೀರು ಬಿದ್ದು ಸುಟ್ಟು ಆಸ್ಪತ್ರೆ ಸೇರಿದ್ದಳು. ಗುಣವಾಗಿ ಇನ್ನೇನು ಮನೆಗೆ ಹೋಗಬೇಕಿತ್ತು. ಮಗು ಬಾಯಾರಿ ಒದ್ದೆ ಬಟ್ಟೆಯನ್ನು ಚೀಪುತ್ತಿದೆ, ಏನೋ ಸರಿ ಇಲ್ಲ ಎಂದು ತಾಯಿ ಹೇಳುತ್ತಲೇ ಇದ್ದರು. ಎಲ್ಲ ನಾರ್ಮಲ್ ಇದೆ ಎಂಬ ಉತ್ತರ ಬಂತು. ನೀರಿನಂಶ ಇಳಿದಿದ್ದ ಮಗುವಿಗೆ ನೋವಿನ ಮದ್ದನ್ನೂ ಕೊಟ್ಟರು. 2001ರ ಫೆಬ್ರವರಿ 22ರಂದು ಜೋಸಿ ತೀರಿಕೊಂಡಳು. ಆಸ್ಪತ್ರೆ ಕೊಟ್ಟ ಪರಿಹಾರದ ಹಣದಲ್ಲಿ ಒಂದು ಪಾಲನ್ನು ಅದೇ ಆಸ್ಪತ್ರೆಯ ಸುರಕ್ಷತೆಯ ಕೆಲಸಕ್ಕೆ ಸೊರೆಲ್ ತಿರುಗಿಸಿಕೊಟ್ಟರು. ಮನೆಯವರೇ ಫೋನ್ ಮಾಡಿ ತುರ್ತು ತಂಡ ಕರೆಸುವ ಪದ್ಧತಿ 2005ರಲ್ಲಿ ಪಿಟ್ಸ್‌ಬರ್ಗ್‌ನ ಒಂದು ಆಸ್ಪತ್ರೆಯಲ್ಲಿ ಶುರುವಾದದ್ದು ಈ ಕತೆಯಿಂದ.

ಮಾರ್ಟಿನ್ ಬ್ರೊಮಿಲಿ ಇಂಗ್ಲೆಂಡಿನ ಪೈಲಟ್. 2005ರಲ್ಲಿ ಅವರ ಹೆಂಡತಿ ಇಲೈನ್ ಸೈನಸ್‌ನ ಸಣ್ಣ ಆಪರೇಷನ್‌ಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿತು. ಅನುಭವಿ ವೈದ್ಯರು ಮೂವರು ಟ್ಯೂಬ್ ಹಾಕಲು ಒದ್ದಾಡುತ್ತಲೇ ಇದ್ದರು. ಒಬ್ಬ ನರ್ಸ್ ಕುತ್ತಿಗೆಯಲ್ಲಿ ದಾರಿ ಮಾಡುವ ಸೆಟ್ ತಂದಿಟ್ಟು, ತಂದಿದ್ದೇನೆ ಅಂತಲೂ ಹೇಳಿದರು. ಇನ್ನೊಬ್ಬರು ಐಸಿಯು ಹಾಸಿಗೆ ಗೊತ್ತು ಮಾಡಿದರು. ವೈದ್ಯರ ನೋಟ ನೋಡಿ ಅದನ್ನೂ ರದ್ದು ಮಾಡಿದರು. ಇಲೈನ್ ಬದುಕಲಿಲ್ಲ. ಏನು ಮಾಡಬೇಕೆಂದು ನರ್ಸುಗಳಿಗೆ ಗೊತ್ತಿತ್ತು, ಜೋರಾಗಿ ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಬ್ರೊಮಿಲಿ ಯಾರನ್ನೂ ಜೈಲಿಗೆ ಕಳಿಸಲು ಓಡಾಡಲಿಲ್ಲ. ವಿಮಾನದ ಕಾಕ್‌ಪಿಟ್‌ನಲ್ಲಿ ಕಿರಿಯ ಪೈಲಟ್ ಹಿರಿಯನಿಗೆ ಎಚ್ಚರಿಕೆ ಹೇಳುವುದನ್ನು ಕಲಿಸುತ್ತಾರೆ, ಆಪರೇಷನ್ ಕೋಣೆಯಲ್ಲಿ ಯಾಕಿಲ್ಲ ಎಂದು ಕೇಳಿದರು. 2007ರಲ್ಲಿ ಅದಕ್ಕೆಂದೇ ಒಂದು ಗುಂಪು ಕಟ್ಟಿದರು.

ತಪ್ಪಾಯ್ತು ಅಂತ ಹೊರಗೆ ಹೇಳಿದ್ರೆ ಆಸ್ಪತ್ರೆ ಹೆಸರು ಹಾಳಾಗಲ್ವಾ?

ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ ಮುಖ್ಯಸ್ಥ ಗ್ಯಾರಿ ಕಪ್ಲಾನ್ 2002ರಲ್ಲಿ ತಮ್ಮ ತಂಡವನ್ನು ಜಪಾನಿಗೆ ಕರೆದೊಯ್ದು ಕಾರು ಕಾರ್ಖಾನೆ ತೋರಿಸಿದರು. ಅಲ್ಲಿ ಸಾಮಾನ್ಯ ಕಾರ್ಮಿಕ ದಾರ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. ವಾಪಸ್ ಬಂದು ಆಸ್ಪತ್ರೆಯಲ್ಲೂ ಅಂಥದ್ದೇ ಎಚ್ಚರಿಕೆ ವ್ಯವಸ್ಥೆ ತಂದರು.

ಆದರೂ 2004ರ ನವೆಂಬರ್‌ನಲ್ಲಿ ಅನಾಹುತ ಆಯಿತು. ಮೇರಿ ಮೆಕ್ಲಿಂಟನ್ ಎಂಬ ಹಿರಿಯ ಮಹಿಳೆಗೆ ಮೆದುಳಿನ ರಕ್ತನಾಳದ ಚಿಕಿತ್ಸೆ ನಡೆಯುತ್ತಿತ್ತು. ಟ್ರೇಯಲ್ಲಿ ಮೂರು ಬಟ್ಟಲು. ಒಂದರಲ್ಲಿ ಸಲೈನ್, ಒಂದರಲ್ಲಿ ಎಕ್ಸ್‌ರೇಗೆ ಬೇಕಾದ ಡೈ, ಒಂದರಲ್ಲಿ ಚರ್ಮ ಒರೆಸುವ ಕ್ಲೋರ್‌ಹೆಕ್ಸಿಡೀನ್. ಮೂರೂ ತಿಳಿ, ಯಾವುದಕ್ಕೂ ಲೇಬಲ್ ಇಲ್ಲ. ಡೈ ಬದಲು ಕ್ಲೋರ್‌ಹೆಕ್ಸಿಡೀನ್ ಒಳಗೆ ಹೋಯಿತು, ಅವರು ಬದುಕಲಿಲ್ಲ.

ಆಸ್ಪತ್ರೆ ಅದನ್ನು ಸಾರ್ವಜನಿಕವಾಗಿ ಒಪ್ಪಿಕೊಂಡು ಕ್ಷಮೆ ಕೇಳಿತು. ಆಮೇಲೆ ಅವರ ಹೆಸರಿನಲ್ಲೇ ಸುರಕ್ಷತೆಯ ಪ್ರಶಸ್ತಿ ಇಟ್ಟು, ಸಿಬ್ಬಂದಿ ಮರೆಯದಂತೆ ಮಾಡಿತು. ಹೆಸರು ಹಾಳಾಯಿತೇ? ಆಮೇಲೂ ಸುರಕ್ಷತೆಯ ಪಾಠಕ್ಕೆ ಜನ ಆ ಆಸ್ಪತ್ರೆಗೆ ಹೋಗುತ್ತಲೇ ಇದ್ದರು.

## ನಮ್ಮ ಊರಿನ ಪ್ರಶ್ನೆಗಳು

ಎನ್‌ಎಬಿಎಚ್ ಬೋರ್ಡ್ ಇದ್ರೆ ಕಣ್ಣು ಮುಚ್ಚಿ ಸೇರಬಹುದಾ?

ಕಣ್ಣು ಮುಚ್ಚುವುದು ಬೇಡ. ಆಸ್ಪತ್ರೆಗಳನ್ನು ತಪಾಸಣೆ ಮಾಡಿ ಮಾನ್ಯತೆ ಕೊಡುವ ಎನ್‌ಎಬಿಎಚ್ 2005ರಲ್ಲಿ ಭಾರತೀಯ ಗುಣಮಟ್ಟ ಮಂಡಳಿಯ ಅಡಿಯಲ್ಲಿ ಹುಟ್ಟಿದ್ದು. ಸರ್ಕಾರಿ ಆಸ್ಪತ್ರೆಗಳಿಗೆ ಎನ್‌ಕ್ಯುಎಎಸ್ ಎಂಬ ರಾಷ್ಟ್ರೀಯ ಗುಣಮಟ್ಟದ ಮಾನದಂಡ ಇದೆ, ಸ್ವಚ್ಛತೆಗೆ 2015ರಿಂದ ಕಾಯಕಲ್ಪ, ಹೆರಿಗೆ ಕೋಣೆಗಳಿಗೆ 2017ರಿಂದ ಲಕ್ಷ್ಯ. ಇವೆಲ್ಲ ಒಳ್ಳೆಯ ಏಣಿಗಳು. ಬೋರ್ಡ್ ಇದ್ದರೆ ಕನಿಷ್ಠ ವ್ಯವಸ್ಥೆ ಬರೆದಿಟ್ಟಿದ್ದಾರೆ, ಯಾರೋ ಬಂದು ನೋಡಿದ್ದಾರೆ ಎಂದರ್ಥ. ಆದರೆ ತಪಾಸಣೆ ವಾರದಲ್ಲಿ ಮಾತ್ರ ಹೊಳೆಯುವ ಆಸ್ಪತ್ರೆಗಳೂ ಇವೆ. ಮೈಸೂರು ದಸರಾಕ್ಕೆ ದೀಪ ಹಾಕಿದ ಹಾಗೆ.

ನಾನು ಪಿಎಚ್‌ಸಿಯಲ್ಲಿದ್ದೀನಿ. ಜನ ಇಲ್ಲ, ದುಡ್ಡಿಲ್ಲ. ಇದೆಲ್ಲ ದೊಡ್ಡಾಸ್ಪತ್ರೆ ಕತೆ ಅಲ್ವಾ?

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ತಾಯಿ-ಮಕ್ಕಳ ಆರೋಗ್ಯದ ಸುಕ್ಷೇಮ ಯೋಜನೆ ನಡೆದದ್ದು ಉತ್ತರ ಕರ್ನಾಟಕದಲ್ಲೇ. ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಅನುಭವಿ ನರ್ಸುಗಳನ್ನೇ ಮಾರ್ಗದರ್ಶಕರಾಗಿ ಕಳಿಸಿದರು. ಅವರು ತಪಾಸಣೆಗೆ ಬಂದವರಲ್ಲ, ಜೊತೆಗೆ ಕೂತು ಕೆಲಸ ಮಾಡಲು ಬಂದವರು. ಹೆರಿಗೆಯ ಕೇಸ್ ಶೀಟನ್ನೇ ಹೊಸದಾಗಿ ಮಾಡಿದರು. ಅದನ್ನು ತುಂಬುತ್ತಾ ಹೋದರೆ ಮುಂದೇನು ನೋಡಬೇಕೆಂದು ಹಾಳೆಯೇ ನೆನಪಿಸುತ್ತದೆ. ಬೇರೆ ಚೆಕ್‌ಲಿಸ್ಟ್ ಬೇಕಾಗಲಿಲ್ಲ. ಹೇಗೂ ಕೇಸ್ ಶೀಟ್ ಬರೆಯಲೇಬೇಕಲ್ಲ!

ಇನ್ನೊಂದು ಮಾತು. ಸುರಕ್ಷತೆ ನಿಮ್ಮ ನಾಲ್ಕು ಗೋಡೆಯ ಒಳಗೆ ಮುಗಿಯುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ತಡೆಹಿಡಿಯಿತು. ಬಾಟಲಿಯ ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯುವ ಅಭ್ಯಾಸಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇವತ್ತೇ ಶುರು ಮಾಡಿ.

ರೋಗಿ ಕಡೆಯವರು ಏನಾದ್ರೂ ಕೇಳಿದ್ರೆ ಬೈತಾರೆ. ನಾವೇನು ಮಾಡೋದು?

ಬೈಯುತ್ತಾರೆ, ನಿಜ. ನಾನೂ ಬೈದಿದ್ದೇನೆ, ಈಗ ನಾಚಿಕೆಯಾಗುತ್ತದೆ. ಕೇಳುವ ರೀತಿಯಲ್ಲಿ ಸ್ವಲ್ಪ ಉಪಾಯ ಬೇಕು. "ಯಾಕೆ ಕೊಡ್ತೀರಾ?" ಅನ್ನುವ ಬದಲು "ಸಿಸ್ಟರ್, ಇದು ಯಾವುದಕ್ಕೆ ಅಂತ ಬರ್ಕೋತೀನಿ" ಅನ್ನಿ. ತಿನ್ನುವ ಮಾತ್ರೆಗಳ ಪಟ್ಟಿಯ ಜೊತೆಗೆ ಮಾತ್ರೆಯ ಸ್ಟ್ರಿಪ್‌ಗಳನ್ನೇ ತನ್ನಿ. ಹಿಂದೆ ಯಾವ ಮದ್ದು ಆಗಿಬರಲಿಲ್ಲ ಎಂದು ಕೇಳದಿದ್ದರೂ ಹೇಳಿ. ಆಪರೇಷನ್‌ಗೆ ಮೊದಲು ಯಾವ ಕಡೆ ಎಂದು ನಿಮ್ಮ ಬಾಯಿಂದಲೇ ಹೇಳಿಸಿಕೊಳ್ಳದಿದ್ದರೆ ನೀವೇ ಹೇಳಿಬಿಡಿ. ಮನೆಯವರು ಎಂದಿನಂತೆ ಇಲ್ಲ ಅನಿಸಿದರೆ ಅದನ್ನೇ ಹೇಳಿ, ಮಾನಿಟರ್ ಏನೇ ತೋರಿಸಲಿ.

ಮದ್ದಿನಿಂದ ಅಡ್ಡ ಪರಿಣಾಮ ಆದರೆ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಯೇ ತಿಳಿಸಬಹುದು. ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ, 2017ರ ತಿದ್ದುಪಡಿಯ ನಂತರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಮುಖ್ಯಸ್ಥರಾಗಿರುವ ಪ್ರಾಧಿಕಾರವಿದೆ.

## ಸ್ವಲ್ಪ ಆಳದ ಪ್ರಶ್ನೆಗಳು

ನಮ್ಮಲ್ಲಿ ವರ್ಷಕ್ಕೆ ಮೂರೇ ಘಟನೆ ವರದಿ. ಒಳ್ಳೇದೇ ಅಲ್ವಾ?

ಇನ್ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ವರ್ಷಕ್ಕೆ ಮೂರು ಅಂದರೆ ಜನ ಹೆದರಿದ್ದಾರೆ ಎಂದೇ ಅರ್ಥ. ವರದಿ ಜಾಸ್ತಿಯಾದರೆ ಮೊದಲು ಖುಷಿಪಡಿ. ಕೆಡುಕಾದ ಘಟನೆಗಳ ಪಾಲು ಕಡಿಮೆಯಾಗಿ, ತಪ್ಪಿಹೋದ ಅನಾಹುತಗಳ ವರದಿ ಏರಬೇಕು. ಫಾರಂ ಒಂದು ಪುಟ ದಾಟಬಾರದು. ಬರೆದವರಿಗೆ ವಾರದೊಳಗೆ ಏನಾಯಿತೆಂದು ಉತ್ತರ ಹೋಗಬೇಕು. ಉತ್ತರ ಬಾರದ ಪತ್ರವನ್ನು ಎಷ್ಟು ಸಲ ಬರೆಯುತ್ತೀರಿ ನೀವು?

ಹಾಗಾದ್ರೆ ಯಾರನ್ನೂ ಶಿಕ್ಷಿಸಲೇಬಾರದಾ?

ಹಾಗಲ್ಲ. ಮನುಷ್ಯ ಸಹಜ ಎಡವಟ್ಟಿಗೆ ಸಮಾಧಾನ, ಅವಸರಕ್ಕೆ ಅಡ್ಡದಾರಿ ಹಿಡಿದವರಿಗೆ ತಿಳಿಹೇಳುವುದು, ಗೊತ್ತಿದ್ದೂ ಲೆಕ್ಕಿಸದವರಿಗೆ ಶಿಕ್ಷೆ. ಕುಡಿದು ಡ್ಯೂಟಿಗೆ ಬಂದವರನ್ನು, ದಾಖಲೆ ತಿದ್ದಿದವರನ್ನು ನಾನು ಕಾಪಾಡುವುದಿಲ್ಲ. ಕಷ್ಟ ಇರುವುದು ನಡುವಿನವರಲ್ಲಿ.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2017ರಲ್ಲಿ ಒಬ್ಬ ನರ್ಸ್ ಔಷಧ ಕಪಾಟಿನ ಯಂತ್ರದಲ್ಲಿ ಮದ್ದಿನ ಹೆಸರಿನ ಮೊದಲೆರಡು ಅಕ್ಷರ ಒತ್ತಿ, ನೆಮ್ಮದಿ ಕೊಡುವ ಮದ್ದಿನ ಬದಲು ಸ್ನಾಯುಗಳನ್ನು ನಿಲ್ಲಿಸುವ ಮದ್ದು ತೆಗೆದರು. ರೋಗಿ ಉಳಿಯಲಿಲ್ಲ. ನರ್ಸ್ ಹಲವು ಎಚ್ಚರಿಕೆಗಳನ್ನು ದಾಟಿದ್ದರು. ಅದು ಅವರ ತಪ್ಪೇ. ಆದರೆ ಆ ಯಂತ್ರದಲ್ಲಿ ಎಚ್ಚರಿಕೆ ದಾಟುವುದು ದಿನನಿತ್ಯದ ಅಭ್ಯಾಸವಾಗಿತ್ತು ಎಂದು ಅವರ ಕಡೆಯವರು ವಾದಿಸಿದರು. ಅವರೇ ತಪ್ಪೊಪ್ಪಿಕೊಂಡಿದ್ದರು. 2022ರಲ್ಲಿ ಕ್ರಿಮಿನಲ್ ಅಪರಾಧಿ ಎಂದು ತೀರ್ಪಾಯಿತು. ಆ ವಾರ ನನ್ನ ತರಗತಿಯ ವಿದ್ಯಾರ್ಥಿಗಳು ಕೇಳಿದ್ದು ಒಂದೇ, "ಹಾಗಾದ್ರೆ ಹೇಳಬಾರದು ಅಂತಾಯ್ತಲ್ವಾ ಮೇಡಂ?"

ನಮ್ಮಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್, ವೈದ್ಯರ ಮೇಲೆ ಕ್ರಿಮಿನಲ್ ಕೇಸಿಗೆ ನಿರ್ಲಕ್ಷ್ಯ ಬಹಳ ಗಂಭೀರವಾಗಿರಬೇಕು ಎಂದಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಇಟ್ಟು, ನೋಂದಾಯಿತ ವೈದ್ಯರಿಗೆ ಎರಡು ವರ್ಷಕ್ಕೆ ಮಿತಿ ಹಾಕಿದೆ. ನರ್ಸುಗಳು ಆ ಮಿತಿಯೊಳಗೆ ಬರುವುದಿಲ್ಲ. ವರದಿ ಬರೆಯಿರಿ ಎಂದು ನರ್ಸಿಗೆ ಹೇಳುವ ಮುಖ್ಯಸ್ಥರು ಇದನ್ನು ತಿಳಿದುಕೊಂಡೇ ಹೇಳಬೇಕು.

ಸೋಂಕು ಇಳಿದಿದೆ ಅಂತ ಗ್ರಾಫ್ ತೋರಿಸ್ತಾರೆ. ನಿಜ ಅಂತ ಹೇಗೆ ಗೊತ್ತಾಗೋದು?

ಎರಡು ಕಂಬದ ಗ್ರಾಫ್ ನಂಬಬೇಡಿ, ಮೊದಲು ಇಷ್ಟು ಆಮೇಲೆ ಇಷ್ಟು ಅನ್ನುವುದು. ತಿಂಗಳು ತಿಂಗಳಿನ ಚುಕ್ಕಿ ಇಟ್ಟ ಗೆರೆ ಕೇಳಿ. ಬದಲಾವಣೆಗೆ ಮೊದಲೇ ಗೆರೆ ಇಳಿಯುತ್ತಿತ್ತಾ ನೋಡಿ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಬರ್ವಿಕ್ ಅವರ ಲಕ್ಷ ಜೀವಗಳ ಅಭಿಯಾನ 2004ರ ಡಿಸೆಂಬರ್‌ನಲ್ಲಿ ಶುರುವಾಯಿತು. 2006ರ ಜೂನ್ 14, ಬೆಳಿಗ್ಗೆ 9 ಗಂಟೆ ಎಂದು ಗಡುವೇ ಇಟ್ಟರು. ಆ ಧೈರ್ಯ ನನಗೆ ಇಷ್ಟ. ಸುಮಾರು 3,100 ಆಸ್ಪತ್ರೆಗಳು ಸೇರಿದವು. 1,22,300 ಜೀವ ಉಳಿಯಿತು ಎಂದು ಘೋಷಿಸಿದರು. ಆದರೆ ಅದು ಅಂದಾಜು. ಆ ಹೊತ್ತಿಗೆ ಸಾವು ತಾನಾಗಿಯೇ ಇಳಿಯುತ್ತಿದ್ದ ಪಾಲೆಷ್ಟು ಎಂದು ಟೀಕಾಕಾರರು ಹಿಡಿದರು. ಇಂಗ್ಲೆಂಡ್ ಮಿಷಿಗನ್ ಮಾದರಿಯನ್ನು ತಂದಾಗಲೂ ಹೀಗೇ. ಸೋಂಕು ಚೆನ್ನಾಗಿ ಇಳಿಯಿತು, ಆದರೆ ಇನ್ನೂ ಸೇರದಿದ್ದ ಐಸಿಯುಗಳಲ್ಲೂ ಇಳಿಯುತ್ತಿತ್ತು.

ಮೊನ್ನೆ ಮೆಡಿಕಲ್ ಸೂಪರಿಂಟೆಂಡೆಂಟ್ ಆದೆ. ಸೋಮವಾರ ಬೆಳಿಗ್ಗೆ ಏನು ಮಾಡ್ಲಿ?

ಸೋಮವಾರ ಬೆಳಿಗ್ಗೆ ಬೇಡ, ಭಾನುವಾರ ರಾತ್ರಿ ಹೋಗಿ. ಹೇಳದೆ ಹೋಗಿ, ಆದರೆ ಹಿಡಿಯಲು ಬಂದ ಹಾಗೆ ಹೋಗಬೇಡಿ. ಫೈಲ್ ಬೇಡ, ಜೊತೆಗೆ ಪರಿವಾರ ಬೇಡ. ಸ್ಟೂಲ್ ಎಳೆದುಕೊಂಡು ಕೂತು, ಇವತ್ತು ಯಾವುದಕ್ಕೆ ಭಯ ಆಯ್ತು ಅಂತ ಒಂದೇ ಪ್ರಶ್ನೆ ಕೇಳಿ. ಮೊದಲ ಸಲ ಯಾರೂ ಬಾಯಿ ಬಿಡುವುದಿಲ್ಲ. ಮೂರನೇ ಸಲ ಒಬ್ಬರು ಹೇಳುತ್ತಾರೆ. ಅದನ್ನು ನಲವತ್ತೆಂಟು ಗಂಟೆಯೊಳಗೆ ಸರಿ ಮಾಡಿ, ಸರಿ ಮಾಡಿದ್ದನ್ನು ಹೇಳಿದವರಿಗೇ ಮೊದಲು ತಿಳಿಸಿ. ಆಗದಿದ್ದರೆ ಯಾಕೆ ಆಗಲ್ಲ ಎಂದು ಹೇಳಿ.

ನನ್ನ ಪೊಟ್ಯಾಸಿಯಂಗೆ ಬೀಗ ಹಾಕಿಸಿದ ಆ ಸೂಪರಿಂಟೆಂಡೆಂಟ್ ಹೀಗೇ ಬರುತ್ತಿದ್ದರು. ಒಂದು ರಾತ್ರಿ ನಾವೆಲ್ಲ ಏನಿಲ್ಲ ಸರ್ ಅಂದೆವು. ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಗ್ರೂಪ್ ಡಿ ಹೆಂಗಸು ಬಟ್ಟೆ ಹಿಂಡುತ್ತಾ, "ಆಕ್ಸಿಜನ್ ಸಿಲಿಂಡರ್ ಕೀಲಿ ರಾತ್ರಿ ಎಂಟಕ್ಕೆ ಮನೆಗೆ ಹೋಗುತ್ತೆ ಸಾರ್" ಅಂದಳು. ಸಿಲಿಂಡರ್ ತಿರುಗಿಸುವ ಕೀಲಿ ಒಂದೇ ಇತ್ತು. ಹಗಲು ಡ್ಯೂಟಿಯವನು ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ರಾತ್ರಿ ಬೇಕಾದರೆ ಪಕ್ಕದ ವಾರ್ಡಿಗೆ ಓಡುತ್ತಿದ್ದೆವು. ನಮಗೆ ಅದು ಅಭ್ಯಾಸವಾಗಿ ಹೋಗಿತ್ತು, ಭಯ ಅಂತಲೇ ಅನಿಸುತ್ತಿರಲಿಲ್ಲ.

ಮರುದಿನ ಮಧ್ಯಾಹ್ನದೊಳಗೆ ಪ್ರತಿ ಸಿಲಿಂಡರ್‌ಗೂ ಒಂದೊಂದು ಕೀಲಿ ಬಂತು, ಕುತ್ತಿಗೆಗೆ ನೈಲಾನ್ ದಾರದಲ್ಲಿ ಕಟ್ಟಿದ್ದರು. ಸಂಜೆ ಅವರು ಮತ್ತೆ ಬಂದು ಆ ಹೆಂಗಸನ್ನೇ ಕರೆದು, ದಾರದ ಉದ್ದ ಸಾಕಾ ಎಂದು ಕೇಳಿದರು. ಸ್ವಲ್ಪ ಗಿಡ್ಡ ಆಯಿತು ಅಂದಳು. ಬದಲಾಯಿಸಿದರು.